ಇಂಜಿನ್ನಿಗೆ ಹೋ ಎಂದವನ ಹೆಂಡತಿ

ನಾನು ಒಂದು ಮರದ ಕಾಲನ್ನು ಕಂಡು ಹೊಟ್ಟೆಕಿಚ್ಚು ಪಟ್ಟವಳು. ಜನ ಒಡವೆ ಕಂಡು ಕರುಬುತ್ತಾರೆ, ಹೆಂಚಿನ ಮನೆ ಕಂಡು ಕರುಬುತ್ತಾರೆ, ಹಾಲು ಕರೆಯುವ ಎಮ್ಮೆ ಕಂಡು ಕರುಬುತ್ತಾರೆ. ಅವೆಲ್ಲ ಇದ್ದವರನ್ನು ಕಂಡರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅವರು ಹುಟ್ಟಿದ್ದೇ ಹಾಗೆ, ನಾವು ಹುಟ್ಟಿದ್ದೇ ಹೀಗೆ. ನನ್ನ ಹೊಟ್ಟೆ ಉರಿಸಿದವಳು ನನ್ನ ಹಾಗೇ ಕೂಲಿ ಮಾಡಿದವಳು, ನನ್ನ ಹಾಗೇ ಆಸ್ಪತ್ರೆಯ ಹಿಂದೆ ಮೂರು ಕಲ್ಲಿಟ್ಟು ಗಂಡನಿಗೆ ಗಂಜಿ ಕಾಯಿಸಿದವಳು. ಅವಳ ಗಂಡನದು ಕಾಲು ಹೋಯಿತು, ನನ್ನ ಗಂಡನದು ಕೈ ಹೋಯಿತು. ಆದರೆ ಅವನ ಕಾಲು ಸರ್ಕಾರದ ಕೆಲಸದಲ್ಲಿ ಹೋಯಿತು, ನಮ್ಮವರ ಕೈ ಗೌಡರ ಆಲೆಮನೆಯಲ್ಲಿ ಹೋಯಿತು. ಇಷ್ಟೇ ವ್ಯತ್ಯಾಸ. ಇಷ್ಟಕ್ಕೇ ಅವಳು ಒಂದು ದಡ ಸೇರಿದಳು, ನಾನು ಇನ್ನೊಂದು ದಡದಲ್ಲಿ ಉಳಿದೆ. ಇದನ್ನು ತಪ್ಪೊಪ್ಪಿಗೆ ಎಂದು ಯಾರೂ ತಿಳಿಯುವುದು ಬೇಡ. ಈಗ ಕೇಳಿದರೂ ನನ್ನ ಹೊಟ್ಟೆಕಿಚ್ಚಿಗೆ ಕಾರಣವಿತ್ತು ಎಂದೇ ಹೇಳುತ್ತೇನೆ.

ನಾನು ಚನ್ನರಾಯಪಟ್ಟಣದ ಕಡೆಯ ಹುಡುಗಿ. ಅಪ್ಪನಿಗೆ ಒಂದು ತುಂಡು ಹೊಲ, ಮಗಳಿಗೆ ನಾಲ್ಕು ಅಕ್ಷರ ಬರಲಿ ಎನ್ನುವ ಹಟ, ಅಷ್ಟೇ ಆಸ್ತಿ. ನನ್ನನ್ನು ಹೊಳೆನರಸೀಪುರದ ಪಕ್ಕದ ಒಂದು ಹಳ್ಳಿಗೆ ಕೊಟ್ಟರು. ಹೇಮಾವತಿಯ ನೀರು ಕಾಲುವೆಯಲ್ಲಿ ಹರಿದು ಬಂದು ಕಬ್ಬು ಬೆಳೆಯುವ ಊರು ಅದು. ನೀರುಂಡ ಊರಿಗೆ ಮಗಳನ್ನು ಕೊಟ್ಟೆ ಎಂದು ಅಪ್ಪ ನಾಲ್ಕು ಜನರೆದುರು ಹೇಳಿಕೊಂಡು ತಿರುಗಿದ. ಗದ್ದೆ ಗೌಡರದು, ಕಬ್ಬು ಗೌಡರದು, ಬೆಲ್ಲ ಗೌಡರದು. ಕಬ್ಬಿನ ಗರಿ ಮಾತ್ರ ನಮ್ಮ ಗುಡಿಸಲಿನ ಮೇಲಕ್ಕೆ ಬರುತ್ತಿತ್ತು ಎನ್ನುವುದು ಅವನಿಗೆ ಆಮೇಲೆ ಗೊತ್ತಾಯಿತು.

ನನ್ನ ಗಂಡ ಗೌಡರ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವವರು. ಎತ್ತು ಕಟ್ಟಿದ ಗಾಣ. ಉರುಳೆಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಎತ್ತುಗಳು ಸುತ್ತುವ ಹದಕ್ಕೆ ಕಬ್ಬು ತೂರಿಸುತ್ತ ಹೋಗಬೇಕು. ಕಬ್ಬು ಸಿಕ್ಕಿಕೊಂಡರೆ, ಕೈ ಹತ್ತಿರ ಹೋಗಿಬಿಟ್ಟರೆ, ಬಾಯಿ ತುಂಬ ಒಮ್ಮೆ 'ಹೋ' ಎಂದರೆ ಸಾಕು. ಎತ್ತು ನಿಂತುಬಿಡುತ್ತವೆ. ಅವರ ಅಪ್ಪನೂ ಹಾಗೇ ನಿಲ್ಲಿಸಿದ್ದು, ಅಜ್ಜನೂ ಹಾಗೇ ನಿಲ್ಲಿಸಿದ್ದು. ನಮ್ಮವರ ದನಿ ಕೇಳಿದರೆ ಎತ್ತುಗಳು ಎತ್ತಿದ ಕಾಲನ್ನು ಹಾಗೇ ಹಿಡಿದು ನಿಲ್ಲುತ್ತಿದ್ದವು. ಆ ವಿಷಯದಲ್ಲಿ ಅವರಿಗೆ ಸ್ವಲ್ಪ ಜಂಬವೂ ಇತ್ತು. ಹೆಂಡತಿ ಮಾತು ಕೇಳಲ್ಲ, ಎತ್ತು ಕೇಳ್ತವೆ ಎಂದು ನನ್ನನ್ನು ಛೇಡಿಸುತ್ತಿದ್ದರು.

ನಯಾಪೈಸೆ ಬಂದು ಜನಕ್ಕೆ ಇನ್ನೂ ಲೆಕ್ಕ ಹತ್ತದಿದ್ದ ಕಾಲದಲ್ಲಿ ಗೌಡರು ಡೀಸೆಲ್ ಇಂಜಿನ್ ತಂದರು. ಅದಕ್ಕೆ ಅರಿಶಿನ ಕುಂಕುಮ ಬಳಿದು, ನಿಂಬೆಹಣ್ಣು ಕತ್ತರಿಸಿ, ಅಗಲವಾದ ಬೆಲ್ಟು ಹಾಕಿ ಗಾಣಕ್ಕೆ ಜೋಡಿಸಿದರು. ಎತ್ತುಗಳನ್ನು ಮಾರಿಬಿಟ್ಟರು. ಇಂಜಿನ್ ನೋಡಿಕೊಳ್ಳುವುದಕ್ಕೆ ಹಾಸನದಿಂದ ಒಬ್ಬ ಬಂದ. ಅವನು ಗಾಣದ ಪಕ್ಕದಲ್ಲಿ ಒಂದು ದೊಣ್ಣೆ ಒರಗಿಸಿಟ್ಟು, ಏನಾದರೂ ಹೆಚ್ಚುಕಮ್ಮಿ ಆದರೆ 'ಬೆಲ್ಟು' ಎಂದು ಕೂಗಿ, ಯಾರಾದರೂ ಓಡಿಬಂದು ದೊಣ್ಣೆಯಲ್ಲಿ ಬೆಲ್ಟು ತಳ್ಳಿಬಿಡಿ, ಗಾಣ ನಿಂತುಹೋಗುತ್ತದೆ ಎಂದು ಎಲ್ಲರಿಗೂ ಹೇಳಿಕೊಟ್ಟ. ನಮ್ಮವರು ತಲೆಯಾಡಿಸಿದರು. ಬೆಲ್ಟು, ಬೆಲ್ಟು ಎಂದು ಮನೆಯಲ್ಲಿ ಒಂದೆರಡು ಸಲ ಹೇಳಿಯೂ ನೋಡಿದರು. ಮಕ್ಕಳಿಬ್ಬರೂ ಅದನ್ನೇ ಆಟ ಮಾಡಿಕೊಂಡರು.

ಒಂದು ದಿನ ಬೆಳಗಿನ ಚಳಿಗೆ ಅವರು ಟವೆಲನ್ನು ಬಲಗೈಗೆ ಸುತ್ತಿಕೊಂಡು ಕಬ್ಬು ಕೊಡುತ್ತಿದ್ದರು. ಟವೆಲಿನ ತುದಿ ಕಬ್ಬಿನ ಜೊತೆ ಉರುಳೆಗೆ ಹೋಯಿತು. ಆಗ ಬಾಯಿಗೆ ಬಂದದ್ದು ಬೆಲ್ಟಲ್ಲ. ಅಪ್ಪನಿಂದ ಬಂದದ್ದು, ಅಜ್ಜನಿಂದ ಬಂದದ್ದು. 'ಹೋ... ಹೋ...' ಎಂದು ಕೂಗಿದರು. ಹೊರಗೆ ಒಲೆಯ ಹತ್ತಿರ ಕೂತಿದ್ದವರಿಗೆಲ್ಲ ಆ ಕೂಗು ಚೆನ್ನಾಗಿಯೇ ಕೇಳಿತು. ಆದರೆ ಆಲೆಮನೆ ಎಂದರೆ ಗಾಡಿ ಬರುತ್ತಲೇ ಇರುತ್ತವೆ, ಕಬ್ಬು ತರುವ ಗಾಡಿ, ಬೆಲ್ಲ ಒಯ್ಯುವ ಗಾಡಿ. ದಿನವೆಲ್ಲ ಯಾರೋ ಒಬ್ಬರು ಹೋ ಎಂದು ಎತ್ತು ನಿಲ್ಲಿಸುತ್ತಲೇ ಇರುತ್ತಾರೆ. ಗಾಡಿ ಬಂತು ಎಂದುಕೊಂಡು ಯಾರೂ ಏಳಲಿಲ್ಲ. ಎದ್ದು ಬಂದು ನೋಡುವ ಹೊತ್ತಿಗೆ ಕೈ ಮಣಿಕಟ್ಟಿನವರೆಗೆ ಹೋಗಿತ್ತು.

ಎತ್ತಿನ ಗಾಡಿಯಲ್ಲಿ ಹೊಳೆನರಸೀಪುರ, ಅಲ್ಲಿಂದ ಯಾರದೋ ಲಾರಿಯಲ್ಲಿ ಹಾಸನ. ಆಸ್ಪತ್ರೆಯಲ್ಲಿ ಉಳಿದದ್ದನ್ನೂ ತೆಗೆದು ಹೊಲಿದರು. ಪಕ್ಕದ ಮಂಚದಲ್ಲಿ ಅರಕಲಗೂಡಿನ ಕಡೆಯ ಒಬ್ಬ ಮಲಗಿದ್ದ. ಕಾಲುವೆ ಇಲಾಖೆಯ ಕೆಲಸದಲ್ಲಿ ಬಂಡೆ ಉರುಳಿ ಅವನ ಕಾಲು ಮೊಣಕಾಲಿನಿಂದ ಕೆಳಕ್ಕೆ ಹೋಗಿತ್ತು. ಅವನ ಹೆಂಡತಿಯೇ ನಾನು ಹೇಳಿದವಳು. ನನಗಿಂತ ನಾಲ್ಕು ವರ್ಷ ಚಿಕ್ಕವಳು, ದುಂಡು ಮುಖ. ಅವಳನ್ನು ನಾನು ಕೊನೆಯವರೆಗೂ ಮನಸ್ಸಿನಲ್ಲಿ ಅರಕಲಗೂಡಿನವಳು ಎಂದೇ ಕರೆದೆ.

ಮೊದಲ ದಿನಗಳಲ್ಲಿ ನಾವಿಬ್ಬರೂ ಅಕ್ಕತಂಗಿಯರ ಹಾಗಿದ್ದೆವು. ಅವಳು ಸೌದೆ ತಂದರೆ ನಾನು ಒಲೆ ಹೊತ್ತಿಸುತ್ತಿದ್ದೆ. ಅವಳ ಹಿಟ್ಟು ಮುಗಿದರೆ ನನ್ನದು, ನನ್ನದು ಮುಗಿದರೆ ಅವಳದು. ಒಬ್ಬರ ಗಂಡ ನೋವಿಗೆ ನರಳಿದರೆ ಇಬ್ಬರೂ ಎದ್ದು ಕೂರುತ್ತಿದ್ದೆವು. ಹಾಗೇ ಇದ್ದುಬಿಡಬಹುದಿತ್ತು. ಒಂದು ದಿನ ಅವಳ ಗಂಡನನ್ನು ನೋಡಲು ಇಲಾಖೆಯ ಓವರ್‌ಸಿಯರು ಬಂದರು. ಬ್ರೆಡ್ಡು ತಂದರು, ಕಿತ್ತಳೆ ತಂದರು. ಇಲಾಖೆಯಿಂದ ಪರಿಹಾರ ಬರುತ್ತದೆ, ಮರದ ಕಾಲು ಹಾಕಿಸುತ್ತಾರೆ, ಆಮೇಲೆ ಎಲ್ಲಾದರೂ ಕೂತು ಮಾಡುವ ಕೆಲಸ ನೋಡೋಣ ಎಂದು ಧೈರ್ಯ ಹೇಳಿದರು. ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ನಾನೂ ಅತ್ತೆ. ನಾನು ಅತ್ತದ್ದು ಬೇರೆ ಕಾರಣಕ್ಕೆ.

ಅದೇ ವಾರ ನಮ್ಮವರನ್ನು ನೋಡಲು ಗೌಡರ ಮನೆಯಿಂದ ಆಳು ಬಂದ. ಎಲೆಯಲ್ಲಿ ಸುತ್ತಿದ ಒಂದು ಉಂಡೆ ಬೆಲ್ಲ ತಂದಿದ್ದ. ಕೈ ತಿಂದ ಗಾಣದ ಬೆಲ್ಲ. ನಾನು ಅದನ್ನು ತೆಗೆದು ಕಿಟಕಿಯಿಂದಾಚೆ ಎಸೆಯಬೇಕೆಂದಿದ್ದೆ. ನಮ್ಮವರು ಎಡಗೈಯಲ್ಲಿ ಅದನ್ನು ತೆಗೆದುಕೊಂಡು, ಮಂಚದ ಕಂಬಿಗೆ ಕುಟ್ಟಿ ಮುರಿದು, ಪಕ್ಕದ ಮಂಚದವನಿಗೂ ಒಂದು ಚೂರು ಕೊಟ್ಟು ತಿಂದರು. ಪಾಕ ಚೆನ್ನಾಗಿ ಬಂದೈತೆ ಎಂದರು. ಆ ದಿನ ಅರಕಲಗೂಡಿನವಳು ನನಗೆ ಒಂದು ಕಿತ್ತಳೆ ಕೊಡಲು ಬಂದಳು. ನನಗೆ ಹುಳಿ ಆಗುವುದಿಲ್ಲ ಎಂದೆ. ಅವಳು ಆಚೆ ಹೋದ ಮೇಲೆ ಸಿಪ್ಪೆಯ ವಾಸನೆ ಮಾತ್ರ ಬಹಳ ಹೊತ್ತು ಇತ್ತು.

ಊರಿಗೆ ಬಂದ ಮೇಲೆ ನಾನು ಗೌಡರ ಜಗಲಿಯ ಮುಂದೆ ನಿಂತು ಕೇಳಿದೆ. ಸರ್ಕಾರದವರು ಕೊಡುತ್ತಾರೆ, ನೀವೂ ಏನಾದರೂ ದಾರಿ ಮಾಡಿ ಎಂದೆ. ಗೌಡರು ಕೆಟ್ಟವರಲ್ಲ, ಆದರೆ ಕೈ ಬಿಗಿ. ಆ ವರ್ಷಕ್ಕೆ ಒಂದಿಷ್ಟು ರಾಗಿ ಅಳೆಸಿಕೊಟ್ಟರು. ಆಮೇಲೆ ಸುತ್ತ ಕೂತವರ ಕಡೆ ನೋಡಿ, "ಇಂಜಿನ್ನಿಗೆ ಓಗಿ ಹೋ ಅಂದ್ರೆ ಅದುಕ್ಕೇನ್ ಕಿವಿ ಐತಾ? ಬೆಲ್ಟು ಅನ್ನು ಅಂತ ಏಳ್ಕೊಟ್ಟಿರ್ಲಿಲ್ವಾ?" ಎಂದರು. ಜಗಲಿಯಲ್ಲಿದ್ದವರು ನಕ್ಕರು. ಅವತ್ತು ಶುರುವಾದ ನಗು ಊರೆಲ್ಲ ಹಬ್ಬಿತು, ಊರು ದಾಟಿ ಸಂತೆಗೂ ಹೋಯಿತು. ನಮ್ಮವರಿಗೆ ಇಂಜಿನ್ನಿಗೆ ಹೋ ಎಂದವನು ಎಂದೇ ಹೆಸರಾಯಿತು. ನಾನು ಅವನ ಹೆಂಡತಿಯಾದೆ.

ನಗುವವರ ಮೇಲೆ ನನಗೆ ಅಷ್ಟು ಸಿಟ್ಟಿರಲಿಲ್ಲ. ಬಡವನ ಕೋಪ ದವಡೆಗೆ ಮೂಲ, ಅದು ನನಗೆ ಗೊತ್ತಿತ್ತು. ಸಿಟ್ಟು ಬಂದದ್ದು ನನ್ನ ಗಂಡನ ಮೇಲೆ. ಅವರೇ ಆ ಕಥೆಯನ್ನು ಹೇಳುವುದಕ್ಕೆ ಶುರುಮಾಡಿದರು. ಹೋಟೆಲಿನ ಬೆಂಚಿನ ಮೇಲೆ ಕೂತು ಮೊಂಡುಗೈ ಮುಂದೆ ಚಾಚಿ, ಇಂಜಿನ್ನಿನ ಸದ್ದು ಮಾಡಿ, ಟವೆಲು ಹೋದದ್ದು ತೋರಿಸಿ, ಕೊನೆಗೆ ಬಾಯಿ ತುಂಬ 'ಹೋ' ಎನ್ನುತ್ತಿದ್ದರು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಯಾರಾದರೂ ಕಾಫಿ ಕೊಡಿಸುತ್ತಿದ್ದರು, ಬೀಡಿ ಕೊಡುತ್ತಿದ್ದರು. ದುಡಿಯುವ ಕೈ ಹೋಗಿ ದುಡಿಯುವ ಬಾಯಿ ಬಂತಲ್ಲ ಎಂದು ನಾನು ಚುಚ್ಚಿದರೆ, "ಇನ್ನೇನೈತೆ ಕಣೇ ನನ್ ತಾವ" ಎಂದು ಅದಕ್ಕೂ ನಗುತ್ತಿದ್ದರು.

ಮನೆ ನಡೆದದ್ದು ನನ್ನ ಕೂಲಿಯಿಂದ. ಕಳೆ ಕೀಳುವುದು, ಗೊಬ್ಬರ ಹೊರುವುದು, ಹೊಳೆಯಿಂದ ಮರಳು ಹೊರುವುದು. ನನ್ನ ಮೂಗುಬೊಟ್ಟು ಗಿರವಿ ಅಂಗಡಿಗೆ ಹೋಗಿ ಅಲ್ಲೇ ಉಳಿಯಿತು. ಚನ್ನರಾಯಪಟ್ಟಣದಿಂದ ತಮ್ಮ ಬಂದಾಗ ಒಂದು ಮೂಟೆ ಹುರುಳಿ ಹಾಕಿಹೋದ; ಅವನ ಹೆಂಡತಿಗೆ ಗೊತ್ತಾಗಿ ಆಮೇಲೆ ಅವನು ಬರುವುದೇ ನಿಂತಿತು. ಬೆಳಿಗ್ಗೆ ಎದ್ದು ಗಂಡನಿಗೆ ಪಂಚೆ ನಾನೇ ಉಡಿಸಬೇಕು, ಅಂಗಿಯ ಗುಂಡಿ ನಾನೇ ಹಾಕಬೇಕು, ಮುದ್ದೆ ಮಾತ್ರ ಅವರು ಎಡಗೈಯಲ್ಲಿ ಮುರಿಯುವುದನ್ನು ಕಲಿತರು. ಎಡಗೈಯಲ್ಲಿ ಉಣ್ಣುವವನನ್ನು ಪಂಕ್ತಿಯಲ್ಲಿ ಕೂರಿಸಲು ಜನ ಹಿಂದೆಮುಂದೆ ನೋಡುತ್ತಿದ್ದುದರಿಂದ ಮದುವೆ ಮುಂಜಿಗೆ ಹೋಗುವುದನ್ನು ಬಿಟ್ಟೆವು. ಒಂದು ಹೊತ್ತಿನ ಒಳ್ಳೆಯ ಊಟವೂ ಹಾಗೆ ಹೋಯಿತು.

ಇದರ ಮಧ್ಯೆ ಗೌಡರು ಒಂದು ಮಾತು ಹೇಳಿ ಕಳಿಸಿದರು. ಎಡಗೈ ಇದೆಯಲ್ಲ, ಮುಂದಿನ ಸುಗ್ಗಿಗೆ ಅದರಲ್ಲೇ ಗಾಣಕ್ಕೆ ಕಬ್ಬು ಕೊಡಲಿ, ಬೇರೆ ಯಾರೂ ಆ ಜಾಗದಲ್ಲಿ ಕೂರಲು ಒಪ್ಪುತ್ತಿಲ್ಲ ಎಂದು. ಯಾಕೆ ಒಪ್ಪುತ್ತಾರೆ? ನಾನು ಊರಮ್ಮನ ಗುಡಿಯ ಮುಂದೆ ನಿಂತು, ಈ ಒಂದು ಕೈಯನ್ನಾದರೂ ಆ ಯಂತ್ರದ ಬಾಯಿಗೆ ಕೊಡುವುದಿಲ್ಲ ಎಂದು ಆಣೆ ಇಟ್ಟುಕೊಂಡೆ. ಸುಗ್ಗಿ ಬರುವುದರೊಳಗೆ ಅವರಿಗೆ ಬೇರೆ ಏನಾದರೂ ಕೆಲಸ ಹುಡುಕಬೇಕಿತ್ತು.

ಆಗಲೇ ಅವಳು ಮತ್ತೆ ಕಣ್ಣಿಗೆ ಬಿದ್ದದ್ದು. ಹೊಳೆನರಸೀಪುರದ ಸಂತೆಯಲ್ಲಿ ನಾನು ಕೊಳೆತ ಟೊಮೇಟೊ ಆರಿಸುತ್ತಿದ್ದೆ. ಪಕ್ಕದಲ್ಲಿ ಒಬ್ಬಳು ಚೌಕಾಸಿ ಮಾಡದೆ ಬದನೆಕಾಯಿ ಕೊಂಡಳು. ಚೌಕಾಸಿ ಮಾಡದವರು ಯಾರಪ್ಪ ಎಂದು ತಲೆಯೆತ್ತಿದರೆ ಅರಕಲಗೂಡಿನವಳು. ಕೈ ತುಂಬ ಕೆಂಪು ಗಾಜಿನ ಬಳೆ. ಅಕ್ಕ ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಗಂಡನನ್ನು ಹೊಳೆನರಸೀಪುರದಲ್ಲಿ ಇಲಾಖೆಯ ಬಂಗಲೆಗೆ ಕಾವಲುಗಾರನಾಗಿ ಹಾಕಿದ್ದರಂತೆ. ಬಂಗಲೆಯ ಹಿಂದೆ ಒಂದು ಕೋಣೆ ಕೊಟ್ಟಿದ್ದರಂತೆ. ಬಂದು ಹೋಗು ಎಂದು ಎಳೆದುಕೊಂಡೇ ಹೋದಳು.

ಆ ಕೋಣೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಸುಣ್ಣ ಬಳಿದ ಗೋಡೆ, ಮೇಲೆ ಹೆಂಚು, ಗೂಟದಲ್ಲಿ ಇಲಾಖೆ ಕೊಟ್ಟ ಖಾಕಿ ಕೋಟು. ಅವಳ ಗಂಡ ಜಗಲಿಯಲ್ಲಿ ಕೂತಿದ್ದ. ಮರದ ಕಾಲನ್ನು ಬಿಚ್ಚಿ ಬಿಸಿಲಿಗೆ ಒರಗಿಸಿಟ್ಟಿದ್ದ. ಅವಳು ನನ್ನ ಜೊತೆ ಮಾತಾಡುತ್ತ ಬಟ್ಟೆಗೆ ಹರಳೆಣ್ಣೆ ಅದ್ದಿ ಅದರ ಚರ್ಮದ ಪಟ್ಟಿಗೆ ಸವರತೊಡಗಿದಳು. ಮರ ನುಣ್ಣಗೆ ಮಿಂಚುತ್ತಿತ್ತು. ನನ್ನ ಗಂಡನ ಮೊಂಡುಗೈಗೆ ಹಚ್ಚಲು ನನ್ನ ಮನೆಯಲ್ಲಿ ಎಣ್ಣೆ ಇರಲಿಲ್ಲ. ಇಲ್ಲಿ ಮರಕ್ಕೆ ಎಣ್ಣೆ. ನನ್ನ ಹೊಟ್ಟೆಯಲ್ಲಿ ಒಲೆ ಊದಿದ ಹಾಗಾಯಿತು. ಇವನ ಕಾಲಿನ ಬದಲು ನನ್ನ ಗಂಡನ ಕಾಲಾದರೂ ಆ ಬಂಡೆಯಡಿ ಹೋಗಬಾರದಿತ್ತೇ ಎಂದುಕೊಂಡೆ. ಹೌದು, ಹಾಗೇ ಎಂದುಕೊಂಡೆ. ಕಳೆದುಕೊಳ್ಳುವುದಕ್ಕೂ ಒಳ್ಳೆಯ ಜಾಗ ಬೇಕು, ನಮ್ಮ ಪಾಲಿಗೆ ಅದೂ ಬರಲಿಲ್ಲ. ಅವಳು ಕಾಫಿ ಕೊಟ್ಟಳು. ಬೆಲ್ಲದ ಕಾಫಿ ಅಲ್ಲ, ಸಕ್ಕರೆಯದು. ಕುಡಿದು ಎದ್ದುಬಂದೆ.

ಆಮೇಲೆ ನಾನು ಸಂತೆಗೆ ಬೇರೆ ದಾರಿಯಲ್ಲಿ ಹೋಗತೊಡಗಿದೆ. ಆದರೂ ಬಂಗಲೆಯ ಬೇಲಿ ಕಾಣುವ ಕಡೆ ಬಂದಾಗ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಇವತ್ತು ಅವಳ ಹಗ್ಗದ ಮೇಲೆ ಎಷ್ಟು ಬಟ್ಟೆ ಒಣಗಿವೆ, ಹೊಗೆ ಎಷ್ಟು ಹೊತ್ತಿಗೆ ಎದ್ದಿದೆ, ಎಲ್ಲ ನೋಡಿಕೊಂಡು ಬರುತ್ತಿದ್ದೆ. ಮನೆಗೆ ಬಂದು ಗಂಡನ ಮೇಲೆ ಹರಿಹಾಯುತ್ತಿದ್ದೆ. ನನ್ನ ಗಂಡನಿಗೋ ಅವಳ ಗಂಡನ ಮೇಲೆ ಯಾವ ಕಿಚ್ಚೂ ಇರಲಿಲ್ಲ. ಸಂತೆಯ ದಿನ ಹೋಗಿ ಅವನ ಪಕ್ಕದಲ್ಲಿ ಕೂತು, ಇಬ್ಬರೂ ಬೀಡಿ ಸೇದಿ ಬರುತ್ತಿದ್ದರು. ಇವರು ಮಾತಾಡುವುದು, ಅವನು ಕೇಳುವುದು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಅರಕಲಗೂಡಿನವಳೇ ನಮ್ಮ ಗುಡಿಸಲಿಗೆ ನಡೆದುಬಂದಳು. ಬಂಗಲೆಯ ಗಿಡಗಳಿಗೆ ನೀರು ಹಾಕುವವನ ಜಾಗ ಖಾಲಿಯಾಗಿದೆ, ಒಂದು ಕೈಯಲ್ಲೂ ಮಾಡಬಹುದಾದ ಕೆಲಸ, ದೊಡ್ಡ ಸಾಹೇಬರು ಬರುವವರಿದ್ದಾರೆ, ತನ್ನ ಗಂಡ ಹೇಳಿದ್ದಾನೆ ಎಂದಳು. ಆದರೆ ಒಂದು ತೊಡಕು. ಇಲಾಖೆಯ ಕೆಲಸದಲ್ಲಿ ಊನವಾದವರಿಗೇ ಆ ಜಾಗ. ಹಾಗಾಗಿ ಕೈ ಹೋದದ್ದು ಕಾಲುವೆಯಲ್ಲಿ ಕಲ್ಲು ಬಿದ್ದು ಎಂದು ಹೇಳಬೇಕು. ಇವನು ನನ್ನ ಜೊತೆಗೇ ಕೆಲಸದಲ್ಲಿದ್ದ ಎಂದು ತನ್ನ ಗಂಡ ಸಾಕ್ಷಿ ಹೇಳುತ್ತಾನೆ. ಅಷ್ಟು ಹೇಳಿ ನನ್ನ ಮುಖ ನೋಡಿದಳು. ಕೊಡುವವಳ ಕೈ ಮೇಲೆ, ಬೇಡುವವಳ ಕೈ ಕೆಳಗೆ. ಉಪಕಾರ ಮಾಡುವವಳ ಮೇಲೆ ಬರುವ ಹೊಟ್ಟೆಕಿಚ್ಚು ಎಲ್ಲಕ್ಕಿಂತ ಕೆಟ್ಟದ್ದು, ಅದನ್ನು ಉಗುಳುವ ಹಾಗಿಲ್ಲ. ಆದರೂ ಆಗಲಿ ಎಂದೆ. ಸುಗ್ಗಿ ಹತ್ತಿರ ಬರುತ್ತಿತ್ತು.

ಆಮೇಲೆ ಮನೆಯಲ್ಲಿ ನನ್ನದು ಒಂದೇ ಕೆಲಸ. ಗಂಡನನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿಸುವುದು. ಕೈ ಹೇಗೆ ಹೋಯ್ತಪ್ಪ ಎಂದು ನಾನು ಸಾಹೇಬರ ಹಾಗೆ ಕೇಳುವುದು, ಕಾಲುವೆ ಕೆಲಸದಾಗೆ ಕಲ್ಲು ಬಿತ್ತು ಸಾ ಎಂದು ಅವರು ಹೇಳುವುದು. ಮಕ್ಕಳಿಗೂ ಬಾಯಿಪಾಠ ಬಂತು. ಇಷ್ಟು ಹೇಳಿ ಬಾಯಿ ಮುಚ್ಚು, ಅದರ ಮೇಲೆ ಒಂದು ಮಾತೂ ಬೇಡ ಎಂದು ಎಚ್ಚರಿಸಿದೆ. ಆಗಲಿ ಕಣೇ ಎಂದರು.

ಸಾಹೇಬರು ಬಂದ ದಿನ ಅವರ ಅಂಗಿ ಒಗೆದು, ತಲೆ ಬಾಚಿ, ನಾನೇ ಕರೆದುಕೊಂಡು ಹೋದೆ. ಸಾಹೇಬರು ಬಂಗಲೆಯ ಜಗಲಿಯಲ್ಲಿ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಹೊಸದಾಗಿ ಬಂದ ಓವರ್‌ಸಿಯರು ಪಕ್ಕದಲ್ಲಿ ನಿಂತಿದ್ದರು. ಅವಳ ಗಂಡ ಖಾಕಿ ಕೋಟು ಹಾಕಿಕೊಂಡು ಮರದ ಕಾಲಿನ ಮೇಲೆ ನೆಟ್ಟಗೆ ನಿಂತಿದ್ದ. ನಾನೂ ಅವಳೂ ದಾಸವಾಳದ ಗಿಡದ ಹಿಂದೆ ನಿಂತೆವು. ಸಾಹೇಬರು ಕೇಳಿದರು. ನಮ್ಮವರು ಒಪ್ಪಿಸಿದರು, ಒಂದು ಅಕ್ಷರ ತಪ್ಪದ ಹಾಗೆ. ಸಾಹೇಬರು ಓವರ್‌ಸಿಯರ ಕಡೆ ನೋಡಿ ತಲೆಯಾಡಿಸಿದರು. ಅರಕಲಗೂಡಿನವಳು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಆಗಿಹೋಯಿತು ಎಂದುಕೊಂಡೆ.

ಆ ಸಾಹೇಬರು ಒಳ್ಳೆಯ ಮನುಷ್ಯರು, ಅದೇ ತೊಂದರೆಯಾದದ್ದು. ಪಾಪ, ಆಗ ಎಷ್ಟು ನೋವಾಗಿರಬೇಕು, ಕೂಗಲಿಲ್ಲವೇನಪ್ಪ ಎಂದು ಮರುಕದಿಂದ ಕೇಳಿದರು. ಆ ಪ್ರಶ್ನೆ ನಮ್ಮ ಪಾಠದಲ್ಲಿ ಇರಲಿಲ್ಲ. ನನ್ನ ಗಂಡನ ಮುಖದಲ್ಲಿ ಹೋಟೆಲಿನ ಬೆಂಚಿನ ಮೇಲೆ ಬರುವ ಕಳೆ ಬಂದುಬಿಟ್ಟಿತು.

"ಕೂಗ್ದೆ ಸಾ. ಹೋ ಅಂತ ಕೂಗ್ದೆ."

"ಕಲ್ಲಿಗಾ?" ಎಂದರು ಸಾಹೇಬರು.

"ಕಲ್ಲಿಗ್ಯಾಕಂತೀನಿ ಸಾ, ಇಂಜಿನ್ನಿಗೆ."

ಆಮೇಲೆ ತಡೆಯುವವರು ಯಾರು. ಮೊಂಡುಗೈ ಮುಂದೆ ಬಂತು, ಇಂಜಿನ್ನಿನ ಸದ್ದು ಬಂತು, ಟವೆಲು ಹೋಯಿತು, ಕೊನೆಗೆ ಬಂಗಲೆಯ ಹೆಂಚು ಹಾರುವ ಹಾಗೆ 'ಹೋ' ಬಂತು. ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನಕ್ಕರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. ಅಡುಗೆಯವನು ಒಳಗಿಂದ ಬಂದು ನಕ್ಕ. ನಗು ನಿಂತ ಮೇಲೆ ಸಾಹೇಬರು ಜೇಬಿನಿಂದ ಏನೋ ತೆಗೆದು ನಮ್ಮವರ ಎಡಗೈಗೆ ಹಾಕಿ, ಹೋಗಿಬಾ ಎಂದರು. ಓವರ್‌ಸಿಯರು ಮಾತ್ರ ನಗಲಿಲ್ಲ. ಸುಳ್ಳು ಸಾಕ್ಷಿ ಹೇಳಲು ನಿಂತೆಯಾ ಎಂದು ಅವಳ ಗಂಡನನ್ನು ಒಳಕ್ಕೆ ಕರೆದುಕೊಂಡು ಹೋಗಿ ಚೆನ್ನಾಗಿ ಬೈದರು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುವ ಗಾದೆ ನಮ್ಮ ಮನೆಗೇ ಕಟ್ಟಿದ್ದು. ಅರಕಲಗೂಡಿನವಳಿಗೆ ಸಿಟ್ಟು ಬರಬೇಕಿತ್ತು, ಅವಳ ಗಂಡನ ಅನ್ನಕ್ಕೇ ಕಲ್ಲು ಬೀಳುವುದರಲ್ಲಿತ್ತು. ಆದರೆ ಅವಳು ಗೇಟಿನವರೆಗೆ ನನ್ನ ಜೊತೆ ಬಂದು ಹೇಳಿದ್ದು ಬೇರೆ.

"ನಿನ್ ಗಂಡ ನಗಾಡ್ತಾನೆ, ನಗುಸ್ತಾನೆ ಕಣಕ್ಕ. ನಮ್ಮೋನು ಕಾಲು ಓದ್ಮ್ಯಾಕೆ ನನ್ ಕುಟ್ಟೆ ಒಂದ್ ನಗೆಮಾತು ಆಡಿಲ್ಲ."

ಅವಳ ಕಣ್ಣಿನಲ್ಲಿ ನೀರಿತ್ತು. ನನ್ನನ್ನು ಕಂಡು ಅವಳೂ ಕರುಬುತ್ತಿದ್ದಳು ಎಂದು ಆಗ ಗೊತ್ತಾಯಿತು. ಇದನ್ನು ಕೇಳಿ ನನ್ನ ಮನಸ್ಸು ಕರಗಿತು ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಕರಗಲಿಲ್ಲ. ನಗೆಮಾತನ್ನು ಅರೆದು ಹಿಟ್ಟು ಮಾಡಲಾದೀತೇ? ಬೇಕಿದ್ದರೆ ಬದಲಾಯಿಸಿಕೊ, ನನ್ನ ಗಂಡನ ನಗು ನೀನಿಟ್ಟುಕೊ, ನಿನ್ನ ಗಂಡನ ಕೋಟು ನನಗೆ ಕೊಡು ಎಂದೆ. ಅವಳು ಗೇಟು ಮುಚ್ಚಿಕೊಂಡು ಒಳಗೆ ಹೋದಳು. ದಾರಿಯುದ್ದಕ್ಕೂ ನಾನು ಗಂಡನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದೆ. ಕಾಲುವೆ ಏರಿಯ ಹತ್ತಿರ ಬಂದಾಗ ಅವರೇ, ಕೇಳಿದ್ರು, ಬಾಯಿಗೆ ಬಂದ್ಬುಡ್ತು ಎಂದರು.

ಸುಗ್ಗಿ ಬಂತು. ಗೌಡರ ಆಳು ಮತ್ತೆ ಬಂದ. ಮಡಕೆಯಲ್ಲಿ ರಾಗಿ ತಳ ಕಂಡಿತ್ತು, ಗುಡಿಸಲಿನ ಗರಿ ಕೊಳೆತಿತ್ತು, ಮಗಳಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ನನ್ನ ಗಂಡ ತಮ್ಮ ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, ಓಗ್ತೀನಿ ಬುಡು ಎಂದರು. ಆಣೆ ಇಟ್ಟವಳು ನಾನು. ದೇವರ ಹತ್ತಿರ ಆಣೆ ಇಡುವಾಗ ಹೊಟ್ಟೆಗೆ ಏನು ಎಂದು ಆಯಮ್ಮನನ್ನು ಕೇಳಿರಲಿಲ್ಲ. ಹಾಗಾದರೆ ನಾನೂ ಬರುತ್ತೇನೆ ಎಂದೆ.

ನಮ್ಮ ಕಡೆ ಹೆಂಗಸರು ಕಬ್ಬು ಹೊರಬಹುದು, ಸಿಪ್ಪೆ ಒಣಹಾಕಬಹುದು. ಗಾಣದ ಹತ್ತಿರ ನಿಲ್ಲುವ ಹಾಗಿರಲಿಲ್ಲ. ಗೌಡರು ಅದನ್ನೇ ಹೇಳಿದರು. ನಾನು ಜಗಲಿಯ ಮುಂದೆಯೇ ನಿಂತು, "ನಾನ್ ನಿಲ್ಲಂಗಿಲ್ಲ ಅಂದ್ರೆ ಅವರೂ ಕೂರಾಕಿಲ್ಲ" ಎಂದೆ. ಗೌಡರು ಬಹಳ ಹೊತ್ತು ಎಲೆಯಡಿಕೆ ಅಗಿದರು. ಗದ್ದೆಯಲ್ಲಿ ಕಬ್ಬು ಒಣಗುತ್ತಿತ್ತು, ಕೂರುವವರು ಬೇರೆ ಯಾರೂ ಇರಲಿಲ್ಲ. ನಿಂತುಕೊ, ಆದರೆ ಕೂಲಿ ಒಬ್ಬರದ್ದೇ ಎಂದರು. ಆಗಲಿ ಎಂದೆ.

ಹಾಗೆ ನಾನು ಆ ದೊಣ್ಣೆ ಹಿಡಿದು ಬೆಲ್ಟಿನ ಪಕ್ಕದಲ್ಲಿ ನಿಂತೆ. ಅವರು ಎಡಗೈಯಲ್ಲಿ ಕಬ್ಬು ತೂರಿಸುತ್ತಿದ್ದರು, ಮೊಂಡುಗೈಯಿಂದ ಒತ್ತಿ ಹಿಡಿಯುತ್ತಿದ್ದರು. ನಾನು ಅವರ ಕೈ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ. ಇಂಜಿನ್ನಿನ ಸದ್ದು ತಲೆಯೊಳಗೆ ಸೇರಿ ರಾತ್ರಿ ನಿದ್ದೆಯಲ್ಲೂ ಬರುತ್ತಿತ್ತು. ಹೊರಗೆ ಗಾಡಿಗಳು ಬರುತ್ತಿದ್ದವು, ಹೋ ಎನ್ನುತ್ತಿದ್ದರು. ಮೊದಮೊದಲು ಪ್ರತಿ ಕೂಗಿಗೂ ನಾನು ದೊಣ್ಣೆ ಎತ್ತಿಬಿಡುತ್ತಿದ್ದೆ. ಆಮೇಲೆ ಗಾಡಿಯ ಕೂಗು ಗಾಡಿಯದು ಎಂದು ಕಿವಿಗೆ ತಿಳಿಯತೊಡಗಿತು.

ಒಂದು ಬೆಳಿಗ್ಗೆ ಅರಕಲಗೂಡಿನವಳು ಆಲೆಮನೆಗೆ ಬಂದಳು. ಬಂಗಲೆಗೆ ಯಾರೋ ಅಧಿಕಾರಿಗಳು ಬಂದಿದ್ದರಂತೆ, ಅವರಿಗೆ ಕಬ್ಬಿನ ಹಾಲು ಬೇಕಂತೆ. ಆಲೆಮನೆಗೆ ಪಾತ್ರೆ ಹಿಡಿದು ಬಂದವರಿಗೆ ಇಲ್ಲ ಎನ್ನುವ ಹಾಗಿಲ್ಲ, ಅದು ಅನಾದಿಯಿಂದ ಬಂದ ಪದ್ಧತಿ. ಹೊಳೆಯುವ ಹಿತ್ತಾಳೆ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಳು. ಮೂಗಿನಲ್ಲಿ ಹೊಸ ಬೊಟ್ಟು, ಬೆಳಗಿನ ಬಿಸಿಲಿಗೆ ಮಿನುಗುತ್ತಿತ್ತು. ನನ್ನ ಕೈ ನನಗೆ ತಿಳಿಯದೆ ನನ್ನ ಮೂಗಿನ ತೂತಿಗೆ ಹೋಯಿತು. ಇವಳಿಗೆ ಇದೂ ಬಂತೇ ಎಂದು ನೋಡಿದೆ. ಕಲ್ಲು ಬಿಳಿಯೋ ಕೆಂಪೋ ಎಂದು ಮತ್ತೆ ನೋಡಿದೆ. ಕಣ್ಣು ಅಲ್ಲೇ ಕಚ್ಚಿಕೊಂಡಿತು.

ಆಗ 'ಹೋ' ಎಂಬ ಕೂಗು ಬಂತು.

ಅದೇ ಹೊತ್ತಿಗೆ ಹೊರಗೂ ಒಂದು ಗಾಡಿ ನಿಂತಿತ್ತಂತೆ, ಗಾಡಿಯವನೂ ಕೂಗಿದ್ದನಂತೆ. ನನಗೆ ಅದು ಕೇಳಲಿಲ್ಲ. ಕೇಳಿದ್ದು ಒಂದೇ ದನಿ. ತಿರುಗಿ ನೋಡುವುದಕ್ಕೂ ಮುಂಚೆ ದೊಣ್ಣೆ ಬೆಲ್ಟಿನ ಮೇಲೆ ಬಿದ್ದಿತ್ತು. ಬೆಲ್ಟು ಜಾರಿ ಹಾವಿನ ಹಾಗೆ ನೆಲಕ್ಕೆ ಬಡಿಯಿತು, ಇಂಜಿನ್ ಒಂದೇ ಸಮನೆ ಕಿರುಚಿಕೊಂಡಿತು, ಗಾಣ ನಿಂತಿತು. ಉರುಳೆಗಳ ನಡುವೆ ಅಂಗಿಯ ತೋಳು ಸಿಕ್ಕಿಕೊಂಡಿತ್ತು, ಮೊಣಕೈವರೆಗೂ ಹರಿದಿತ್ತು. ಬೆರಳುಗಳು ಉರುಳೆಗಳ ಈಚೆಗೆ ಇದ್ದವು. ಐದೂ ಇದ್ದವು.

ನನ್ನ ಗಂಡ ಕೂತಲ್ಲಿಂದ ತಲೆಯೆತ್ತಿ ನನ್ನನ್ನು ನೋಡಿದರು. ಆ ಒಂದು ಸಲ ಅವರ ಮುಖದಲ್ಲಿ ನಗು ಇರಲಿಲ್ಲ.

"ಕೇಳುಸ್ತಾ?" ಎಂದರು.

"ಕೇಳುಸ್ತು" ಎಂದೆ.

ಗೌಡರು ಓಡಿಬಂದು, ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬಂದಿರುವಾಗ ಗಾಣ ಯಾಕೆ ನಿಂತಿತು ಎಂದು ಕೂಗಾಡಿದರು. ಯಾರೋ ವಿಷಯ ಹೇಳಿದ ಮೇಲೆ ಸುಮ್ಮನಾದರು. ಅರಕಲಗೂಡಿನವಳು ಬಿಂದಿಗೆ ಕೆಳಗಿಟ್ಟು, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದಳು. ನಾನು ಅವಳ ಬಿಂದಿಗೆ ತೆಗೆದುಕೊಂಡು ಕಬ್ಬಿನ ಹಾಲು ತುಂಬಿಸಿ ಕೊಟ್ಟೆ. ಬಿಂದಿಗೆ ತೆಗೆದುಕೊಳ್ಳುವಾಗ ಅವಳ ಮುಖ ಹತ್ತಿರ ಬಂತು. ಮೂಗುಬೊಟ್ಟಿನ ಕಲ್ಲು ಬಿಳಿಯದು.

ಆ ವಾರ ಗೌಡರು ಹೇಳಿದ ಹಾಗೇ ಒಬ್ಬರ ಕೂಲಿ ಕೊಟ್ಟರು. ಹರಿದ ಅಂಗಿಯ ತೋಳನ್ನು ನಾನು ಹಳೆಯ ಸೀರೆಯ ಅಂಚಿನಿಂದ ಹೊಲಿದೆ. ಬಂಗಲೆಯಲ್ಲಿ ತಿಂಗಳಿಗೊಮ್ಮೆ ಅವಳ ಗಂಡನ ಸಂಬಳ ಬರುತ್ತಿತ್ತು, ಹೋದ ಕಾಲಿಗೆ ಬರುವ ಸಂಬಳ. ನನ್ನ ಗಂಡನ ಕೈ ಉಳಿದದ್ದಕ್ಕೆ ಕೊಡುವವರು ಯಾರೂ ಇರಲಿಲ್ಲ. ಕೂಲಿ ಕೊಟ್ಟ ಮಾರನೆಯ ದಿನವೂ ಬೆಳಕು ಹರಿಯುವ ಮೊದಲೇ ಅವರಿಗೆ ಅಂಗಿ ತೊಡಿಸಿ, ಗುಂಡಿ ಹಾಕಿ, ಇಬ್ಬರೂ ಮತ್ತೆ ಆಲೆಮನೆಗೆ ಹೋದೆವು.